ಅಳಿದ ಚಿತ್ರ, ಉಳಿದ ದನಿ

ಟೆಲಿವಿಷನ್ ಧಾರಾವಾಹಿಯೊಂದಕ್ಕೆ ಮನಸೋತವರು ನಿಮ್ಮ ಮನೆಯಲ್ಲಿಯೂ ಒಬ್ಬರಾದರೂ ಇರಬಹುದು. ಆ ವೇಳೆಯಲ್ಲಿ ನೆಂಟರು ಬಂದರೆ ಅವರಿಗೆ ಬೇಸರ. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಅರಿವಾಗದು. ಮನೆಯ ಹಿರಿಯರು ಇದನ್ನು ಹುಚ್ಚೆಂದು ಕರೆದು ಸುಮ್ಮನಾಗುತ್ತಾರೆ. ಹಾಗೆ ತೀರ್ಪು ಹೇಳುವ ಮುನ್ನ ಒಂದು ನಡೆದ ಕಥೆಯನ್ನು ಕೇಳುವುದೊಳ್ಳೆಯದು. ಲೋಕಪ್ರಸಿದ್ಧವಾದ ಒಂದು ಪ್ರಸಾರ ಸಂಸ್ಥೆ ತನ್ನ ಕೈಯಾರೆ ಅಳಿಸಿಹಾಕಿದ ನಾಟಕವನ್ನು ಇಂಥ ಹುಚ್ಚು ಹಿಡಿದ ಕೆಲವು ಮಂದಿ ಪ್ರೇಕ್ಷಕರು ಉಳಿಸಿಕೊಟ್ಟ ಚರಿತ್ರೆ ಅದು. ಅವರು ಉಳಿಸಿದುದು ಚಿತ್ರವನ್ನಲ್ಲ, ದನಿಯನ್ನು. ಆದುದರಿಂದ ರೇಡಿಯೋ ಕೇಳಿ ಬೆಳೆದ ನಮಗೆ ಅದು ತೀರ ಹತ್ತಿರದ ಕಥೆ.

ನಾಟಕದ ಹೆಸರು ‘ಡಾಕ್ಟರ್ ಹೂ’, ‘ಯಾವ ಡಾಕ್ಟರು?’ ಎಂಬ ಪ್ರಶ್ನೆಯೇ ಅದರ ಹೆಸರು. ಬ್ರಿಟನ್ನಿನ ಬಿ.ಬಿ.ಸಿ. ಇದರ ಮೊದಲ ಕಂತನ್ನು 1963ರ ನವೆಂಬರ್ 23ರ ಶನಿವಾರ ಸಂಜೆ ಪ್ರಸಾರ ಮಾಡಿತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಕೊಲೆಯಾಗಿತ್ತು. ಜನರ ಮನಸ್ಸೆಲ್ಲ ಅತ್ತ ಇದ್ದಿತು. ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯದನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಕಥಾನಾಯಕನು ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸಬಲ್ಲ ಒಬ್ಬ ವಿಚಿತ್ರ ವೃದ್ಧ. ಅವನ ವಾಹನ ಹೊರಗಿನಿಂದ ನೋಡಿದರೆ ಬೀದಿಯ ಬದಿಯಲ್ಲಿ ಪೋಲೀಸರು ಇರಿಸಿದ್ದ ನೀಲಿಯ ಟೆಲಿಫೋನ್ ಪೆಟ್ಟಿಗೆ. ಒಳಹೊಕ್ಕರೆ ವಿಶಾಲವಾದ ಭವನ. ಮಕ್ಕಳಿಗೆ ಚರಿತ್ರೆಯನ್ನೂ ವಿಜ್ಞಾನವನ್ನೂ ಕಥೆಯ ರುಚಿ ಬೆರಸಿ ಉಣಿಸಬೇಕೆಂಬುದು ಮೊದಲಿನ ಉದ್ದೇಶವಾಗಿತ್ತು.

ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗ ಇನ್ನೂ 27 ವರ್ಷ. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಅವರು 1938ರಲ್ಲಿ ನಮ್ಮ ಲಖನೌ ನಗರದಲ್ಲಿ ಹುಟ್ಟಿದವರು. ಅವರ ತಾಯಿ ಅತ್ತಿಯಾ ಹೊಸೇನ್ ಹೆಸರಾಂತ ಕಾದಂಬರಿಗಾರ್ತಿ; ಬಿ.ಬಿ.ಸಿ.ಯ ಪೌರ್ವಾತ್ಯ ವಿಭಾಗದಲ್ಲಿ ರೇಡಿಯೋ ಕಾರ್ಯಕ್ರಮಗಳನ್ನು ನಡೆಸಿದವರು. ಪ್ರೇಕ್ಷಕರನ್ನು ಕುಬ್ಲಾಯ್ ಖಾನನ ಆಸ್ಥಾನಕ್ಕೆ ಕರೆದೊಯ್ಯುವ ‘ಮಾರ್ಕೊ ಪೋಲೊ’ ಎಂಬ ಏಳು ಕಂತುಗಳ ಕಥೆ 1964ರಲ್ಲಿ ಪ್ರಸಾರವಾಯಿತು. ಅದರ ಆರು ಕಂತುಗಳ ನಿರ್ದೇಶಕರೂ ಹುಸೇನರೇ. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ನಾಟಕದ ಮೋಡಿಯಲ್ಲಿ ಅರ್ಧ ಪಾಲು ಕಿವಿಗೆ ಸೇರಿದ್ದು. ರೇಡಿಯೋ ನಾಟಕಗಳಿಗೆ ಹೊಸ ಬಗೆಯ ಶಬ್ದಗಳನ್ನು ಒದಗಿಸಲೆಂದು ಬಿ.ಬಿ.ಸಿ. 1958ರಲ್ಲಿ ‘ರೇಡಿಯೋಫೋನಿಕ್ ವರ್ಕ್‌ಷಾಪ್’ ಎಂಬ ಶಬ್ದಶಾಲೆಯನ್ನು ತೆರೆದಿತ್ತು. ರಾನ್ ಗ್ರೇನರ್ ಬರೆದುಕೊಟ್ಟ ರಾಗಕ್ಕೆ ಅಲ್ಲಿ ರೂಪ ಕೊಟ್ಟವರು ಡೀಲಿಯಾ ಡರ್ಬಿಶೈರ್ ಎಂಬ ಮಹಿಳೆ. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಟೇಪಿನ ಮೇಲೆ ಹಿಡಿದು, ಕತ್ತರಿಸಿ, ಅಂಟಿಸಿ, ಹೂವು ಕಟ್ಟಿದಂತೆ ಕಟ್ಟಿದರು. ವಾಹನ ಹೊರಡುವ ಏದುಸಿರಿನಂಥ ಸದ್ದು ಹುಟ್ಟಿದುದು ಪಿಯಾನೋದ ಮಂದ್ರ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಎಳೆದುದರಿಂದ. ಇಷ್ಟು ಮಾಡಿದ ಡರ್ಬಿಶೈರ್ ಅವರ ಹೆಸರು ತೆರೆಯ ಮೇಲೆ ಕಾಣಿಸಿಕೊಳ್ಳಲು 2013ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಅವರು ತೀರಿಹೋಗಿ 12 ವರ್ಷಗಳಾಗಿದ್ದುವು.

ಮೊದಲ ಆರು ವರ್ಷಗಳಲ್ಲಿ, ಎಂದರೆ 1969ರವರೆಗೆ, 253 ಕಂತುಗಳು ಪ್ರಸಾರವಾದುವು. ಆಮೇಲೆ ಬಂದಿತು ಅಳಿವಿನ ಕಾಲ. 1967ರಿಂದಲೇ ಮೂಲ ಟೇಪುಗಳನ್ನು ಒಂದೊಂದಾಗಿ ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸತೊಡಗಿದರು. ಹೊರದೇಶಗಳಿಗೆ ಮಾರಲೆಂದು ತೆಗೆದಿಟ್ಟಿದ್ದ ಫಿಲ್ಮಿನ ಪ್ರತಿಗಳನ್ನೂ 1970ರ ದಶಕದಲ್ಲಿ ಕಸಕ್ಕೆ ಹಾಕುತ್ತ ಬಂದರು.

ಇದನ್ನು ಕೇಳಿ ನಿಮಗೆ ಸಿಟ್ಟು ಬರಬಹುದು. ಆದರೆ ಅಲ್ಲಿ ಕೇಡನ್ನು ಬಗೆದವರು ಯಾರೂ ಇರಲಿಲ್ಲ. ಎರಡು ಅಂಗುಲ ಅಗಲದ ಆ ವಿಡಿಯೋ ಟೇಪು ಬಲು ದುಬಾರಿಯ ವಸ್ತು. ಅಳಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತಿತ್ತು. ನಟರ ಸಂಘದೊಡನೆ ಆಗಿದ್ದ ಒಪ್ಪಂದದಂತೆ ಹಳೆಯ ನಾಟಕವನ್ನು ಬೇಕೆಂದಾಗಲೆಲ್ಲ ಮರುಪ್ರಸಾರ ಮಾಡುವಂತಿರಲಿಲ್ಲ. 1970ರಲ್ಲಿ ಈ ಧಾರಾವಾಹಿ ಬಣ್ಣಕ್ಕೆ ತಿರುಗಿದ ಮೇಲೆ ಕಪ್ಪು ಬಿಳುಪಿನ ಕಂತುಗಳನ್ನು ಕೇಳುವವರೇ ಇಲ್ಲವೆಂದು ಬಗೆದರು. ಜನ ಮುಂದೊಂದು ದಿನ ನಾಟಕವನ್ನು ಕೊಂಡು ಮನೆಯಲ್ಲಿಯೇ ನೋಡಿಯಾರೆಂದು ಯಾರು ತಾನೆ ಊಹಿಸಿದ್ದರು? ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಟೇಪುಗಳು ಎಂಜಿನಿಯರುಗಳ ವಶದಲ್ಲಿ; ಮಾರಾಟದ ಪ್ರತಿಗಳು ವ್ಯಾಪಾರ ವಿಭಾಗದಲ್ಲಿ; ಫಿಲ್ಮುಗಳು ಭಂಡಾರದಲ್ಲಿ. ಕಾಪಾಡುವುದು ಇನ್ನೊಬ್ಬರ ಕೆಲಸವೆಂದು ಎಲ್ಲರೂ ತಿಳಿದರು. ಮೂವರು ಅಣ್ಣತಮ್ಮಂದಿರಲ್ಲಿ ಪ್ರತಿಯೊಬ್ಬನೂ ತಂದೆಯ ಶ್ರಾದ್ಧವನ್ನು ಇನ್ನೊಬ್ಬನು ಮಾಡಿಯಾನೆಂದು ನಂಬಿ ಕುಳಿತಂತಾಯಿತು.

ಇತ್ತ ಪ್ರೇಕ್ಷಕರ ಮನೆಗಳಲ್ಲಿ ಏನಾಗುತ್ತಿತ್ತು? ಒಮ್ಮೆ ತೋರಿಸಿದ ಕಂತು ಮತ್ತೆ ಕಣ್ಣಿಗೆ ಬೀಳುವ ಭರವಸೆಯಿಲ್ಲ. ಅದನ್ನು ಹಿಡಿದಿಡುವ ಯಂತ್ರ ಮನೆಗಳಲ್ಲಿ ಇರಲಿಲ್ಲ. ಆದರೆ ಕೆಲವರ ಬಳಿ ಧ್ವನಿಯ ಟೇಪ್ ರೆಕಾರ್ಡರು ಇದ್ದಿತು. ನಾಟಕಕ್ಕೆ ಮನಸೋತ ಕೆಲವು ಎಳೆಯರು ಟೆಲಿವಿಷನ್ನಿನ ಧ್ವನಿವರ್ಧಕದ ಮುಂದೆ ಮೈಕನ್ನು ಇರಿಸಿ, ಮನೆಯವರನ್ನು ಸದ್ದು ಮಾಡದಂತೆ ಬೇಡಿಕೊಂಡು, ವಾರವಾರವೂ ಮಾತು ಸಂಗೀತಗಳನ್ನು ಹಿಡಿದಿಟ್ಟರು. ಯಂತ್ರದ ಒಳಗನ್ನು ಬಲ್ಲವನೊಬ್ಬನು ತಂತಿಯನ್ನು ನೇರವಾಗಿ ಟೆಲಿವಿಷನ್ನಿಗೇ ಜೋಡಿಸಿ ಅಚ್ಚುಕಟ್ಟಾದ ಧ್ವನಿಯನ್ನು ಪಡೆದನು. ಇವರು ಒಬ್ಬರನ್ನೊಬ್ಬರು ಅರಿತವರಲ್ಲ. ಚರಿತ್ರೆಗೆ ಉಪಕಾರ ಮಾಡುತ್ತಿರುವೆವೆಂಬ ಎಣಿಕೆಯೂ ಅವರಿಗಿರಲಿಲ್ಲ. ಮೆಚ್ಚಿದುದನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ, ಅಷ್ಟೆ.

ಆ ಆಸೆಯ ಫಲವನ್ನು ನೋಡಿ. 2013ರ ಕೊನೆಯಲ್ಲಿ ಲೆಕ್ಕ ಹಾಕಿದಾಗ 253ರಲ್ಲಿ 97 ಕಂತುಗಳ ಚಿತ್ರ ಇಲ್ಲವಾಗಿತ್ತು. ಆದರೆ ಆ 97ರಲ್ಲಿ ಪ್ರತಿಯೊಂದರ ಧ್ವನಿಯೂ ಉಳಿದಿದೆ. ಲಖನೌವಿನ ಹುಸೇನರ ‘ಮಾರ್ಕೊ ಪೋಲೊ’ವಿನ ಏಳು ಕಂತುಗಳಲ್ಲಿ ಆ ಹೊತ್ತಿಗೆ ಒಂದೂ ದೊರೆತಿರಲಿಲ್ಲ, ಆದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಕಿವಿಯಿಂದ ಕೇಳಬಹುದು. ಅಭಿಮಾನಿಗಳ ಟೇಪುಗಳನ್ನೇ ಶುದ್ಧಮಾಡಿ, ನಡುನಡುವೆ ನಿರೂಪಣೆಯನ್ನು ಸೇರಿಸಿ, ಬಿ.ಬಿ.ಸಿ.ಯೇ ಅವನ್ನು ಮಾರಾಟಕ್ಕೆ ತಂದಿತು. ನೋಡುವ ನಾಟಕ ಹೀಗೆ ರೇಡಿಯೋ ನಾಟಕವಾಗಿ ಮರುಹುಟ್ಟು ಪಡೆಯಿತು. 1966ರಲ್ಲಿ ಪ್ರಸಾರವಾದ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಕಥೆಯ ಆರು ಕಂತುಗಳಿಗೂ ಐವತ್ತು ವರ್ಷಗಳ ಮೇಲೆ, 2016ರಲ್ಲಿ, ಆ ಹಳೆಯ ಧ್ವನಿಯನ್ನು ಆಧರಿಸಿ ಚಲಿಸುವ ರೇಖಾಚಿತ್ರಗಳನ್ನು ರಚಿಸಿದರು.

ಉಳಿವಿನ ದಾರಿಗಳು ಇನ್ನೂ ವಿಚಿತ್ರವಾದುವು. ಆಸ್ಟ್ರೇಲಿಯಾದ ಸೆನ್ಸಾರಿನವರು ಮಕ್ಕಳು ಹೆದರುವರೆಂದು ಕೆಲವು ಭಯಂಕರ ದೃಶ್ಯಗಳನ್ನು ಕತ್ತರಿಸಿ, ಆ ತುಂಡುಗಳನ್ನು ಕ್ರಮವಾಗಿ ಕಡತಕ್ಕೆ ಸೇರಿಸಿದ್ದರು. 1996ರಲ್ಲಿ ಅಭಿಮಾನಿಗಳು ಅಲ್ಲಿನ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಅವನ್ನು ಪತ್ತೆ ಹಚ್ಚಿದರು. ಪೂರ್ತಿ ಕಂತುಗಳು ಹೋದುವು. ಯಾರೂ ನೋಡಬಾರದೆಂದು ತೆಗೆದುಹಾಕಿದ ಭಾಗ ಮಾತ್ರ ಉಳಿಯಿತು! 1978ರಲ್ಲಿ ಇಯಾನ್ ಲೆವಿನ್ ಎಂಬ ಅಭಿಮಾನಿ ವ್ಯಾಪಾರ ವಿಭಾಗಕ್ಕೆ ಹೋದಾಗ, ‘ಡಾಲೆಕ್’ ಎಂಬ ಯಂತ್ರರಾಕ್ಷಸರ ಮೊದಲ ಕಥೆಯ ಏಳು ಫಿಲ್ಮುಗಳು ನಾಶಕ್ಕೆಂದು ಕಾದಿದ್ದುವು. ಅವರು ತಡೆದುದರಿಂದ ಅವು ಉಳಿದುವು. ಅದೇ ಹೊತ್ತಿಗೆ ಸಂಸ್ಥೆಯೂ ಎಚ್ಚೆತ್ತು ದಾಖಲೆಯ ಭಂಡಾರಕ್ಕೆ ಹೊಣೆಗಾರರನ್ನು ನೇಮಿಸಿತು. ಮುಂದೆ ಹಾಂಗ್‌ಕಾಂಗಿನಿಂದ, ನ್ಯೂಜಿಲೆಂಡಿನಿಂದ, ಕೊನೆಗೆ ನೈಜೀರಿಯಾದ ಜೋಸ್ ನಗರದಿಂದ ಕಳೆದ ಕಂತುಗಳು ಮನೆಗೆ ಮರಳಿದುವು. ಜೋಸ್‌ನಲ್ಲಿ ದೊರೆತು 2013ರಲ್ಲಿ ಪ್ರಕಟವಾದುವೇ ಒಂಬತ್ತು.

1989ರಲ್ಲಿ ಬಿ.ಬಿ.ಸಿ. ಈ ಧಾರಾವಾಹಿಯನ್ನು ನಿಲ್ಲಿಸಿತು. ಅಭಿಮಾನಿಗಳು ನಿಲ್ಲಿಸಲಿಲ್ಲ. ಅವರಲ್ಲಿ ಕೆಲವರು 1999ರಿಂದ ಹಳೆಯ ನಟರನ್ನೇ ಕರೆಸಿ ಧ್ವನಿನಾಟಕಗಳನ್ನು ಹೊರತಂದರು. 2005ರಲ್ಲಿ ಧಾರಾವಾಹಿ ಟೆಲಿವಿಷನ್ನಿಗೆ ಮರಳಿದಾಗ ಅದನ್ನು ಮರಳಿ ಕಟ್ಟಿದ ರಸೆಲ್ ಡೇವೀಸ್ ಕೂಡ ಬಾಲ್ಯದಿಂದ ಅದರ ಅಭಿಮಾನಿ. ಬಿ.ಬಿ.ಸಿ.ಯ ಕಾರ್ಯಕ್ರಮ ಪತ್ರಿಕೆ ‘ರೇಡಿಯೋ ಟೈಮ್ಸ್’ನಲ್ಲಿ 1974ರಲ್ಲಿ ಸ್ಕಾಟ್‌ಲೆಂಡಿನ ಹುಡುಗನೊಬ್ಬನ ಪತ್ರ ಅಚ್ಚಾಯಿತು, ನಾಟಕವನ್ನು ಕುರಿತ ವಿಶೇಷ ಸಂಚಿಕೆಯನ್ನು ಅವನು ಮೆಚ್ಚಿ ಬರೆದಿದ್ದನು. ಅವನ ಹೆಸರು ಪೀಟರ್ ಕಪಾಲ್ಡಿ. 2013ರಲ್ಲಿ ಅದೇ ನಾಟಕದ ನಾಯಕನ ಪಾತ್ರಕ್ಕೆ ಆರಿಸಲ್ಪಟ್ಟವರು ಅವರೇ.

ಕನ್ನಡಿಗರಿಗೆ ಇದು ಹೊಸ ಮಾತಲ್ಲ. ‘ಕವಿರಾಜಮಾರ್ಗ’ವು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ, ಅವರ ಗದ್ಯಗ್ರಂಥಗಳು ನಮ್ಮ ಕೈ ಸೇರಲಿಲ್ಲ. ಪೊನ್ನನ ‘ಶಾಂತಿಪುರಾಣ’ಕ್ಕೆ ಆ ಗತಿ ಬರಲಿಲ್ಲ, ದಾನಚಿಂತಾಮಣಿ ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕಾವ್ಯವನ್ನು ಕಟ್ಟುವವನು ಕವಿ. ಕಾಲದ ಹೊಳೆಯನ್ನು ದಾಟಿಸುವವರು ಅದನ್ನು ಪ್ರೀತಿಸಿದವರು.

ಎಲ್ಲ ಅಭಿಮಾನವೂ ಇಂಥದೆಂದು ಹೇಳಲಾಗದು. ನೋಡಿ ಮರೆಯುವ ಅಭಿಮಾನವುಂಟು. ತನ್ನಲ್ಲಿಯೇ ಬಚ್ಚಿಟ್ಟುಕೊಳ್ಳುವ ಅಭಿಮಾನವೂ ಉಂಟು. ಉಳಿಸಿ, ಬೇಕಾದ ದಿನ ಎಲ್ಲರ ಮುಂದಿಡುವ ಅಭಿಮಾನವೇ ಬೆಲೆಯುಳ್ಳದ್ದು. ಅಂಥ ಅವಕಾಶ ನಿಮಗೂ ಇರಬಹುದು. ಒಮ್ಮೆ ಗಾಳಿಯಲ್ಲಿ ತೇಲಿಬಂದು ಮರೆಯಾದ ಕನ್ನಡದ ನಾಟಕಗಳೂ ಭಾಷಣಗಳೂ ಹಾಡುಗಳೂ ಎಷ್ಟೋ. ನಿಮ್ಮ ಅಟ್ಟದ ಮೇಲೆ, ತಂದೆಯವರ ಹಳೆಯ ಪೆಟ್ಟಿಗೆಯಲ್ಲಿ, ರೇಡಿಯೋದಿಂದ ಹಿಡಿದಿಟ್ಟ ಟೇಪೋ ಕ್ಯಾಸೆಟ್ಟೋ ಇದ್ದರೆ ಹಬ್ಬದ ಮುಂದಿನ ಗುಡಿಸಾಟದಲ್ಲಿ ಅದನ್ನು ಹೊರಗೆ ಎಸೆಯಬೇಡಿ. ಅದರ ಮೇಲೆ ಕಾರ್ಯಕ್ರಮದ ಹೆಸರನ್ನೂ ವರ್ಷವನ್ನೂ ಬರೆಯಿರಿ; ತಿಳಿದವರ ಕೈಯಿಂದ ಅದಕ್ಕೊಂದು ಪ್ರತಿ ಮಾಡಿಸಿರಿ; ಹತ್ತಿರದ ಬಾನುಲಿ ನಿಲಯಕ್ಕೋ ಪುಸ್ತಕ ಭಂಡಾರಕ್ಕೋ ಒಂದು ಮಾತು ತಿಳಿಸಿರಿ. ಬೇರೆಲ್ಲಿಯೂ ಉಳಿಯದ ಒಂದು ದನಿ ನಿಮ್ಮ ಮನೆಯಲ್ಲಿಯೇ ಇದ್ದೀತು.