ಸುಯೆಝ್ ಕಾಲುವೆ ಮತ್ತು ಕೃಷ್ಣಾ ತೀರದ ಹತ್ತಿ

ಕೃಷ್ಣೆಯ ದಂಡೆಯ ಹಿಪ್ಪರಗಿಯಲ್ಲಿ ಕಾಲುವೆ ಎಂದರೆ ಕಬ್ಬಿಗೆ ನೀರು. ಬ್ಯಾರೇಜಿನ ಗೇಟು, ಸರದಿಯ ನೀರು, ಕಟ್ಟಕಡೆಯ ಹೊಲಕ್ಕೆ ಮುಟ್ಟದ ನೀರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಕಾಲುವೆಯ ಮಾತು ಬಂದರೆ ಈ ಸುತ್ತಿನಲ್ಲೇ ತಿರುಗುತ್ತದೆ. ಹಡಗು ಹೋಗುವ ಕಾಲುವೆಯನ್ನು ಇಲ್ಲಿನವರು ನೋಡಿಲ್ಲ, ನೋಡುವ ಅಗತ್ಯವೂ ಬಿದ್ದಿಲ್ಲ. ಆದರೆ 2024ರಲ್ಲಿ ಕಪ್ಪು ಸಮುದ್ರದ ಬಂದರುಗಳಿಂದ ಭಾರತಕ್ಕೆ ಸೂರ್ಯಕಾಂತಿ ಎಣ್ಣೆ ತರುವ ಹಡಗುಗಳಲ್ಲಿ ಕೆಲವು ಸುಯೆಝ್ ದಾರಿಯನ್ನು ಬಿಟ್ಟು ಇಡೀ ಆಫ್ರಿಕಾ ಸುತ್ತಿ ಬಂದವು. ಬಾಡಿಗೆ ಏರಿತು. ಒಂದು ಕಾಲದಲ್ಲಿ ಸೂರ್ಯಕಾಂತಿ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿದ್ದ ಕರ್ನಾಟಕದಲ್ಲಿ ಈಗ ಅಡುಗೆಮನೆಯ ಎಣ್ಣೆಯ ಬೆಲೆ ಈಜಿಪ್ಟಿನ ಮರಳಿನಲ್ಲಿ ತೋಡಿದ ಒಂದು ದಾರಿಯನ್ನೂ ಅವಲಂಬಿಸಿದೆ.

ಈ ನಂಟು ಹೊಸದಲ್ಲ. ಇದಕ್ಕೆ ನೂರೈವತ್ತು ವರ್ಷ ಮೀರಿದೆ. ಅದು ಆರಂಭವಾದದ್ದು ಎಣ್ಣೆಯಿಂದಲ್ಲ, ಹತ್ತಿಯಿಂದ.

ಕಾಲುವೆಯ ಕಥೆ ಮಾತ್ರ ಇನ್ನೂ ಹಳೆಯದು. ಹಿಜರಿ 18ರಲ್ಲಿ ಹಿಜಾಝ್ ಪ್ರದೇಶಕ್ಕೆ ಭೀಕರ ಬರ ಬಂತು. ಇತಿಹಾಸಕಾರರು ಅದನ್ನು 'ಬೂದಿಯ ವರ್ಷ' ಎಂದು ಕರೆದಿದ್ದಾರೆ. ಮದೀನದ ಜನ ಹಸಿವಿನಿಂದ ಕಂಗಾಲಾಗಿದ್ದರು. ಈಜಿಪ್ಟಿನ ರಾಜ್ಯಪಾಲರಾದ ಅಮ್ರ್ ಬಿನ್ ಆಸ್(ರ) ಅವರು ಖಲೀಫ ಉಮರ್(ರ)ರ ಆಜ್ಞೆಯಂತೆ, ಫರೋಗಳ ಮತ್ತು ರೋಮನ್ನರ ಕಾಲದ ಹೂಳು ತುಂಬಿದ ಕಾಲುವೆಯನ್ನು ಮತ್ತೆ ತೋಡಿಸಿದರು. ನೈಲ್ ನದಿಯ ದಂಡೆಯ ಫುಸ್ತಾತಿನಿಂದ ಕೆಂಪು ಸಮುದ್ರದ ಕುಲ್‌ಝುಮ್‌ಗೆ, ಅಂದರೆ ಇಂದಿನ ಸುಯೆಝ್ ನಗರದ ನೆರೆಗೆ ಅದು ಹೋಗುತ್ತಿತ್ತು. ಈಜಿಪ್ಟಿನ ಧಾನ್ಯ ದೋಣಿಗಳಲ್ಲಿ ಮದೀನದ ಬಂದರಾದ ಜಾರ್ ತಲುಪಿತು. ಜನ ಅದನ್ನು 'ಖಲೀಜ್ ಅಮೀರುಲ್ ಮೂಮಿನೀನ್' ಎಂದು ಕರೆದರು. ಹಸಿದವರಿಗೆ ಅನ್ನ ಮುಟ್ಟಿಸಲು ತೋಡಿದ ಕಾಲುವೆ ಅದು. ಅದನ್ನು ಮುಚ್ಚಿದ್ದು ಕೂಡ ಅನ್ನದ ಕಾರಣಕ್ಕೇ. ಮದೀನದಲ್ಲಿ ಬಂಡಾಯವೆದ್ದ ಮೇಲೆ ಅಲ್ಲಿಗೆ ಧಾನ್ಯ ಹೋಗಬಾರದೆಂದು ಅಬ್ಬಾಸೀ ಖಲೀಫ ಮನ್ಸೂರ್ ಎಂಟನೆಯ ಶತಮಾನದಲ್ಲಿ ಅದನ್ನು ಮುಚ್ಚಿಸಿದ. ದಾರಿ ಯಾರ ಕೈಯಲ್ಲಿರುತ್ತದೋ ತುತ್ತು ಅವರ ಕೈಯಲ್ಲಿ. ಇದು ಆಗಲೇ ಗೊತ್ತಿದ್ದ ಸಂಗತಿ.

ಎರಡು ಸಮುದ್ರಗಳನ್ನೇ ಕೂಡಿಸುವ ಯೋಚನೆ ಹಾರೂನ್ ರಶೀದನಿಗೆ ಬಂದಿತ್ತೆಂದು ಮಸ್ಊದಿ ಬರೆಯುತ್ತಾರೆ. ಆದರೆ ಮಂತ್ರಿ ಯಹ್ಯಾ ಬರ್ಮಕಿ ತಡೆದ. ರೋಮನ್ನರ ಹಡಗುಗಳು ಕೆಂಪು ಸಮುದ್ರಕ್ಕೆ ನುಗ್ಗಿ ಮಕ್ಕಾದ ಯಾತ್ರಿಕರನ್ನೇ ಹೊತ್ತೊಯ್ದಾವು ಎಂಬುದು ಅವನ ಅಂಜಿಕೆ. ಸಾವಿರ ವರ್ಷಗಳ ಅನಂತರ ಆ ಕಾಲುವೆ ನಿಜವಾಗಿ ತೆರೆದಾಗ ಯುರೋಪಿನ ಹಡಗುಗಳು ಬಂದವು, ಸೈನ್ಯ ಬಂತು, ಈಜಿಪ್ಟ್ ಪರಾಧೀನವಾಯಿತು. ಯಹ್ಯಾನ ಲೆಕ್ಕ ತೀರ ತಪ್ಪಾಗಿರಲಿಲ್ಲ.

ಫ್ರಾನ್ಸಿನ ಫರ್ಡಿನಾಂಡ್ ಡಿ ಲೆಸೆಪ್ಸ್ 1854ರಲ್ಲಿ ಈಜಿಪ್ಟಿನ ಆಳರಸ ಸಯೀದ್ ಪಾಶಾನಿಂದ ಪರವಾನಗಿ ಪಡೆದ. ಅಗೆತ ಆರಂಭವಾದದ್ದು ಏಪ್ರಿಲ್ 25, 1859ರಂದು. ಕರಾರಿನ ಪ್ರಕಾರ ಆಳುಗಳನ್ನು ಒದಗಿಸುವ ಹೊಣೆ ಈಜಿಪ್ಟಿನದು. ಆಳು ಎಂದರೆ ಬಿಟ್ಟಿ ಆಳು. ಹಳ್ಳಿಹಳ್ಳಿಗಳಿಂದ ರೈತರನ್ನು ಹಿಡಿದು ತಂದರು. ಒಂದು ಹಂತದಲ್ಲಿ ತಿಂಗಳಿಗೆ ಸುಮಾರು 20,000 ಮಂದಿ. ಒಂದು ತಂಡ ಅಗೆಯುತ್ತಿದ್ದರೆ ಇನ್ನೊಂದು ದಾರಿಯಲ್ಲಿ ನಡೆದು ಬರುತ್ತಿತ್ತು, ಮತ್ತೊಂದು ಮನೆಗೆ ಮರಳುತ್ತಿತ್ತು. ಹೊಲದ ಕೆಲಸ ಕೆಟ್ಟಿತು. ಗುದ್ದಲಿ, ಬುಟ್ಟಿಗಳಲ್ಲಿ, ಕೆಲವೆಡೆ ಬರಿಗೈಯಲ್ಲೂ ಮಣ್ಣು ಎತ್ತಿದರು. ಸತ್ತವರು 1,20,000 ಎಂದು ನಾಸರ್ 1956ರ ಭಾಷಣದಲ್ಲಿ ಹೇಳಿದರು. ಇತಿಹಾಸಕಾರರಲ್ಲಿ ಈ ಸಂಖ್ಯೆಯ ಬಗ್ಗೆ ಜಗಳವಿದೆ. ಸತ್ತವರ ಲೆಕ್ಕವನ್ನು ನೆಟ್ಟಗೆ ಇಡಲಿಲ್ಲ ಎಂಬುದೇ ಆ ಕಾಲದ ಬಗ್ಗೆ ಸಾಕಷ್ಟು ಹೇಳುತ್ತದೆ. 1864ರಲ್ಲಿ ಬಿಟ್ಟಿ ದುಡಿಮೆ ನಿಂತಿತು. ಆದರೆ ಆಳು ಕೊಡದ ತಪ್ಪಿಗೂ ಬಿಟ್ಟುಕೊಡಲು ಒಪ್ಪಿದ ಭೂಮಿಯನ್ನು ಹಿಂಪಡೆದದ್ದಕ್ಕೂ ಈಜಿಪ್ಟ್ ಕಂಪನಿಗೆ 8.4 ಕೋಟಿ ಫ್ರಾಂಕ್ ತೆರಬೇಕೆಂದು ಮಧ್ಯಸ್ಥಿಕೆ ವಹಿಸಿದ್ದ ಮೂರನೆಯ ನೆಪೋಲಿಯನ್ ತೀರ್ಪು ಕೊಟ್ಟ!

ಇದೇ ವರ್ಷಗಳಲ್ಲಿ ನಮ್ಮ ಕಡೆ ಏನಾಗುತ್ತಿತ್ತು? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಮ್ಯಾಂಚೆಸ್ಟರಿನವರ ಕಣ್ಣು ಒಂದು ಕಡೆ ಈಜಿಪ್ಟಿನ ಮೇಲೂ ಇನ್ನೊಂದು ಕಡೆ ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳ ಎರೆಭೂಮಿಯ ಮೇಲೂ ಬಿತ್ತು. ನ್ಯೂ ಆರ್ಲಿಯನ್ಸಿನ ಬೀಜದಿಂದ ಬೆಳೆದ 'ಧಾರವಾಡ ಅಮೆರಿಕನ್' ಹತ್ತಿ 1840ರ ದಶಕದಿಂದಲೇ ಇಲ್ಲಿ ಬೇರೂರಿತ್ತು. ನಾಟಿ ಹತ್ತಿಗೆ ಲಿವರ್‌ಪೂಲಿನ ಪೇಟೆಯಲ್ಲಿ 'ಕುಮಟಾ' ಎಂದೇ ಹೆಸರು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ ಅದು ಹಡಗೇರುತ್ತಿದ್ದ ಕರಾವಳಿಯ ಬಂದರಿನದು. ಎತ್ತಿನ ಮೇಲೆ, ಬಂಡಿಗಳ ಮೇಲೆ ಘಟ್ಟ ಇಳಿದ ಅಂಡಿಗೆಗಳು ಕುಮಟೆಯಿಂದ ಮುಂಬಯಿಗೆ, ಅಲ್ಲಿಂದ ಆಫ್ರಿಕಾ ಸುತ್ತಿ ಲಿವರ್‌ಪೂಲಿಗೆ. ಈ ಹತ್ತಿಗಾಗಿಯೇ ಕಾರವಾರದಲ್ಲಿ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಿಸಿದರು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಕೈಯೂ ಇದೆ. ನಮ್ಮ ಜಿಲ್ಲೆಗಳ ಗಡಿ ಗೆರೆಗಳನ್ನು ಎಳೆದವರು ಯಾರೆಂದು ಕೇಳಿದರೆ ಕೆಲವೊಮ್ಮೆ ಇಂಥ ಉತ್ತರ ಸಿಗುತ್ತದೆ.

ಯುದ್ಧ 1865ರಲ್ಲಿ ಮುಗಿಯಿತು. ಬೆಲೆ ಕುಸಿಯಿತು. ಮುಂಬಯಿಯಲ್ಲಿ ಬ್ಯಾಂಕುಗಳು ಮುಳುಗಿದವು, ಬ್ಯಾಕ್ ಬೇ ಕಂಪನಿಯ ಶೇರು ಕಾಗದವಾಯಿತು. ಹತ್ತಿಯ ಹಣ ನಿಲ್ಲದೆಂದು ತಿಳಿಯದೆ ಸಾಲ ಮಾಡಿದ್ದವರು ಎರಡೂ ಕಡೆ ಇದ್ದರು. ಈಜಿಪ್ಟಿನಲ್ಲಿ ಖದೀವ್ ಇಸ್ಮಾಯಿಲ್, ದಖ್ಖನಿನಲ್ಲಿ ರೈತ. ನವೆಂಬರ್ 17, 1869ರಂದು ಫ್ರಾನ್ಸಿನ ಸಾಮ್ರಾಜ್ಞಿ ಯೂಜಿನಿಯ ಸಮ್ಮುಖದಲ್ಲಿ ಇಸ್ಮಾಯಿಲ್ ಕಾಲುವೆಯನ್ನು ಅದ್ದೂರಿಯಾಗಿ ತೆರೆದ. 164 ಕಿಲೋಮೀಟರ್ ಉದ್ದ, 8 ಮೀಟರ್ ಆಳ. ಆರು ವರ್ಷ ಕಳೆಯುವಷ್ಟರಲ್ಲಿ ಸಾಲಗಾರರು ಬಾಗಿಲಿಗೆ ಬಂದರು. 1875ರ ನವೆಂಬರಿನಲ್ಲಿ ಈಜಿಪ್ಟಿನ 1,76,602 ಶೇರುಗಳನ್ನು ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಸುಮಾರು 40 ಲಕ್ಷ ಪೌಂಡಿಗೆ ಕೊಂಡ, ಅದೂ ರಾತ್ಸ್‌ಚೈಲ್ಡ್ ಮನೆತನದಿಂದ ಸಾಲ ಎತ್ತಿ. ಅದೇ 1875ರ ಮೇ ತಿಂಗಳಲ್ಲಿ ಪುಣೆಯ ಹತ್ತಿರದ ಸುಪೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ದಖ್ಖನ್ ದಂಗೆ ಎಂದು ಪಾಠಪುಸ್ತಕಗಳಲ್ಲಿ ಬರುವುದು ಇದೇ. ಖದೀವನ ದುಂದು, ಕಂದಾಯದ ಏರಿಕೆ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಹತ್ತಿಯ ಒಂದೇ ಬೆಲೆ ಕುಸಿತ ಒಂದೆಡೆ ಅರಸನನ್ನೂ ಇನ್ನೊಂದೆಡೆ ಒಕ್ಕಲಿಗನನ್ನೂ ಸಾಲಕ್ಕೆ ತಳ್ಳಿತ್ತು. ವ್ಯತ್ಯಾಸವಿಷ್ಟೇ, ಖದೀವ ಕಾಗದ ಮಾರಿದ, ರೈತ ಕಾಗದ ಸುಟ್ಟ.

1880ರಲ್ಲಿ ಲಾಭದ ಮೇಲಿನ ಶೇ. 15ರ ಹಕ್ಕನ್ನೂ ಈಜಿಪ್ಟ್ 2.2 ಕೋಟಿ ಫ್ರಾಂಕಿಗೆ ಕಳಕೊಂಡಿತು. ಕಾಲುವೆ ಈಜಿಪ್ಟಿನ ನೆಲದಲ್ಲಿತ್ತು, ಅದರ ಲಾಭದಲ್ಲಿ ಈಜಿಪ್ಟಿಗೆ ಪಾಲಿರಲಿಲ್ಲ. 1882ರಲ್ಲಿ ಬ್ರಿಟಿಷ್ ಸೈನ್ಯ ಬಂದು ನೆಲೆಯೂರಿತು.

ಮುಂಬಯಿ-ಲಂಡನ್ ದೂರ ಶೇ. 40ರಷ್ಟು ತಗ್ಗಿತು. ಕೆಂಪು ಸಮುದ್ರದ ಗಾಳಿ ಹಾಯಿ ಹಡಗುಗಳಿಗೆ ಒಗ್ಗದ್ದರಿಂದ ಉಗಿ ಹಡಗುಗಳ ಕಾಲ ಬಂತು. ನಮ್ಮ ಹತ್ತಿ ಲಿವರ್‌ಪೂಲಿಗೆ ಹೋಗದೆ ನೇರವಾಗಿ ಜಿನೋವಾ, ಟ್ರಿಯೆಸ್ಟ್, ಮಾರ್ಸೇಲ್ಸ್ ಬಂದರುಗಳಿಗೂ ಹೋಯಿತು. ಎದುರು ದಿಕ್ಕಿನಿಂದ ಗಿರಣಿ ನೂಲು, ಬಟ್ಟೆ, ಮುಂದೆ ಜರ್ಮನಿಯ ರಾಸಾಯನಿಕ ಬಣ್ಣ ಬಂದವು. ಕೈನೂಲು ಮತ್ತು ಬೇರು-ತೊಗಟೆಯ ಬಣ್ಣದ ಕಸುಬುಗಳು ದಖ್ಖನಿನಲ್ಲಿ ಹೀಗೆ ಸತ್ತವು. ನೇಕಾರ ಮಾತ್ರ ಉಳಿದ. ಆಗ ಸಾಂಗ್ಲಿ ಸಂಸ್ಥಾನದಲ್ಲಿದ್ದ ರಬಕವಿ, ಜಮಖಂಡಿ ಸಂಸ್ಥಾನದಲ್ಲಿದ್ದ ಬನಹಟ್ಟಿಗಳಲ್ಲಿ ಮಗ್ಗದ ಸದ್ದು ನಿಲ್ಲಲಿಲ್ಲ. ಸೀರೆಯ ಅಗಲ, ಅಂಚು, ಸೆರಗುಗಳ ರೂಢಿ ಯಂತ್ರಕ್ಕೆ ಅಷ್ಟು ಬೇಗ ಸಿಗುವಂಥದ್ದಲ್ಲ. ಪೂರ್ತಿ ನಾಶವಾಯಿತು ಎಂದು ಬರೆಯುವವರು ಈ ಊರುಗಳನ್ನು ಒಮ್ಮೆ ನೋಡಬೇಕು.

ಧಾನ್ಯದ ಮಾತು ಮಾತ್ರ ಬೇರೆ. ಗೋದಿಯ ರಫ್ತು ಸುಂಕವನ್ನು ಸರಕಾರ 1873ರಲ್ಲಿ ತೆಗೆದುಹಾಕಿತ್ತು. 1876-78ರ ಬರದಲ್ಲಿ ಕಲಾದಗಿ ಜಿಲ್ಲೆ ತತ್ತರಿಸಿತು. ಹಿಪ್ಪರಗಿಯ ಸುತ್ತಲ ಸೀಮೆ ಇದೇ. ಆ ವರ್ಷಗಳಲ್ಲೂ ಭಾರತದ ಗೋದಿ ಇಂಗ್ಲೆಂಡಿಗೆ ಹೋಗುವುದು ನಿಲ್ಲಲಿಲ್ಲ. ಅಮ್ರ್(ರ) ತೋಡಿಸಿದ ಕಾಲುವೆಯಲ್ಲಿ ಧಾನ್ಯ ಬರಗಾಲದ ನಾಡಿನ ಕಡೆಗೆ ಹರಿದಿತ್ತು. ಲೆಸೆಪ್ಸ್ ತೋಡಿಸಿದ್ದರಲ್ಲಿ ಬರಗಾಲದ ನಾಡಿನಿಂದ ಹೊರಗೆ ಹರಿಯಿತು.

ಕಾಲುವೆಯನ್ನು ಕಾಯಲು ಕನ್ನಡ ನಾಡಿನವರೂ ಹೋದರು. ಮೊದಲ ಮಹಾಯುದ್ಧದಲ್ಲಿ, ಫೆಬ್ರವರಿ 1915ರಲ್ಲಿ ಜಮಾಲ್ ಪಾಶಾನ ತುರ್ಕಿ ಸೈನ್ಯ ಸಿನಾಯ್ ಮರುಭೂಮಿ ದಾಟಿ ಕಾಲುವೆಯ ಮೇಲೆ ಬಿದ್ದಾಗ ಎದುರಿಗೆ ನಿಂತವರಲ್ಲಿ ಬಹುಪಾಲು ಭಾರತೀಯರು. ಹೈದರಾಬಾದ್ ಮತ್ತು ಮೈಸೂರು ಲ್ಯಾನ್ಸರ್ಸ್ ಅಶ್ವದಳಗಳು ಆ ಕಾವಲಿನಲ್ಲಿದ್ದವು. ಎದುರಾಳಿಯ ಸುಲ್ತಾನನೇ ಖಲೀಫ. ಶುಕ್ರವಾರದ ಖುತ್ಬಾದಲ್ಲಿ ಯಾರ ಹೆಸರು ಕೇಳಿ ಬೆಳೆದರೋ ಅವರ ಸೈನ್ಯದ ಮೇಲೆ ಬಂದೂಕು ಎತ್ತಬೇಕಾಗಿ ಬಂದ ಮುಸ್ಲಿಮ್ ಸವಾರನ ಮನಸ್ಸು ಹೇಗಿದ್ದೀತು? ರೆಜಿಮೆಂಟಿನ ಇತಿಹಾಸಗಳು ಪದಕಗಳ ಬಗ್ಗೆ ಹೆಚ್ಚು ಬರೆಯುತ್ತವೆ.

ಅಸ್ವಾನ್ ಅಣೆಕಟ್ಟೆಗೆ ಕೊಡುವುದಾಗಿ ಹೇಳಿದ್ದ ಹಣವನ್ನು ಅಮೆರಿಕ ಜುಲೈ 19, 1956ರಂದು ಹಿಂತೆಗೆದುಕೊಂಡಿತು. ಒಂದು ವಾರದೊಳಗೆ, ಜುಲೈ 26ರಂದು, ನಾಸರ್ ಅಲೆಕ್ಸಾಂಡ್ರಿಯಾದಲ್ಲಿ ಭಾಷಣಕ್ಕೆ ನಿಂತರು. 'ಡಿ ಲೆಸೆಪ್ಸ್' ಎಂಬ ಹೆಸರೇ ಸಂಕೇತ. ಅದು ರೇಡಿಯೋದಲ್ಲಿ ಕೇಳಿಬಂದೊಡನೆ ಮಹಮೂದ್ ಯೂನುಸ್ ಅವರ ತಂಡ ಕಂಪನಿಯ ಕಚೇರಿಗಳಿಗೆ ನುಗ್ಗಿತು. ಹಡಗಿನ ಸುಂಕದಿಂದ ರೈತನ ಅಣೆಕಟ್ಟು ಕಟ್ಟುವುದು ನಾಸರ್ ಲೆಕ್ಕ. ಕೃಷ್ಣಾ ತೀರದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಸೆಪ್ಟೆಂಬರಿನಲ್ಲಿ ವಿದೇಶಿ ಪೈಲಟ್‌ಗಳು ಕೆಲಸ ಬಿಟ್ಟು ಹೊರಟರು. ಈಜಿಪ್ಟಿನವರಿಗೆ ಹಡಗು ದಾಟಿಸಲು ಬರುವುದಿಲ್ಲವೆಂದು ನಂಬಿದ್ದರು, ಹಡಗುಗಳು ದಾಟುತ್ತಲೇ ಇದ್ದವು. ಲಂಡನ್ ಸಮ್ಮೇಳನದಲ್ಲಿ ಭಾರತದ ಕೃಷ್ಣ ಮೆನನ್ ಈಜಿಪ್ಟಿನ ಒಡೆತನವನ್ನು ಒಪ್ಪುವ ಸಂಧಾನ ಸೂತ್ರ ಮುಂದಿಟ್ಟರು. ಫಲಿಸಲಿಲ್ಲ. ಅಕ್ಟೋಬರಿನ ಕೊನೆಗೆ ಇಸ್ರೇಲ್, ಬೆನ್ನಿಗೇ ಬ್ರಿಟನ್ ಮತ್ತು ಫ್ರಾನ್ಸ್ ದಾಳಿ ಮಾಡಿದವು, ಕೊನೆಗೆ ಹಿಂದೆ ಸರಿದವು.

ಸಂಚಾರ ಬೆಳೆದ ಬಗೆಯನ್ನು ಕೆಲವು ಅಂಕಿಗಳಲ್ಲಿ ನೋಡಬಹುದು. 1870ರಲ್ಲಿ ದಾಟಿದ ಹಡಗು 486. 1966ರಲ್ಲಿ 21,250. ಮರುವರ್ಷ ಜೂನಿನ ಯುದ್ಧದಲ್ಲಿ ಮುಚ್ಚಿದ ಕಾಲುವೆ ತೆರೆದದ್ದು ಎಂಟು ವರ್ಷಗಳ ಮೇಲೆ, ಜೂನ್ 5, 1975ರಂದು. ಅಷ್ಟರಲ್ಲಿ ತೈಲ ಕಂಪನಿಗಳು ಆಫ್ರಿಕಾ ಸುತ್ತಲೆಂದೇ ದೈತ್ಯ ಟ್ಯಾಂಕರುಗಳನ್ನು ಕಟ್ಟಿಕೊಂಡಿದ್ದವು, ಅವು ಈ ಕಾಲುವೆಯಲ್ಲಿ ತೂರುವಂತಿರಲಿಲ್ಲ. ಹಾಗಾಗಿ ಅಗಲಿಸುವ, ಆಳಗೊಳಿಸುವ ಕೆಲಸ. 1956ರಲ್ಲಿ 35 ಅಡಿ ನೀರು ಹಿಡಿಯುವ ಹಡಗಿಗೆ ಮಾತ್ರ ಪ್ರವೇಶವಿತ್ತು. 1980ಕ್ಕೆ 53 ಅಡಿ, 2010ಕ್ಕೆ 66 ಅಡಿ ಆಯಿತು. ಕಾಲುವೆ ದೊಡ್ಡದಾದಷ್ಟೂ ಹಡಗು ದೊಡ್ಡದಾಯಿತು, ಹಡಗು ದೊಡ್ಡದಾದಷ್ಟೂ ಕಾಲುವೆ ಮತ್ತೆ ಸಣ್ಣದಾಯಿತು.

2014ರಲ್ಲಿ ಈಜಿಪ್ಟ್ ಸರಕಾರ ಸಮಾಂತರ ಕಾಲುವೆಯೊಂದನ್ನು ಘೋಷಿಸಿ, ಹಣವನ್ನು ಸ್ವಂತ ಪ್ರಜೆಗಳಿಂದಲೇ ಕೇಳಿತು. ಶೇ. 12ರ ಬಡ್ಡಿಯ ಪತ್ರಗಳಿಗೆ ಎಂಟೇ ದಿನಗಳಲ್ಲಿ 6,400 ಕೋಟಿ ಈಜಿಪ್ಟ್ ಪೌಂಡ್ ಬಂತು. ಇದನ್ನು ಓದುವಾಗ ಜಮಖಂಡಿಯ ರೈತರು ನೆನಪಾಗುತ್ತಾರೆ. ಸರಕಾರವನ್ನು ಕಾದು ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಬ್ಯಾರೇಜು ಕಟ್ಟಿದರು. 'ಶ್ರಮಬಿಂದು ಸಾಗರ' ಎಂದು ಹೆಸರಿಟ್ಟರು. ಅಲ್ಲಿ ದುಡ್ಡು ಹಾಕಿದವನ ಹೊಲಕ್ಕೆ ನೀರು ಬಂತು, ಲೆಕ್ಕ ಕಣ್ಣಿಗೆ ಕಾಣುವಂಥದ್ದು. ಸುಯೆಝ್ ಲೆಕ್ಕ ಅಷ್ಟು ಸರಳವಲ್ಲ. 35 ಕಿಲೋಮೀಟರಿನ ಹೊಸ ಕಾಲುವೆ ಆಗಸ್ಟ್ 6, 2015ರಂದು ತೆರೆಯಿತು. 2023ರ ಹೊತ್ತಿಗೆ ದಿನಕ್ಕೆ 97 ಹಡಗು, ವರ್ಷಕ್ಕೆ 1,300 ಕೋಟಿ ಡಾಲರಿಗೂ ಮಿಕ್ಕ ಆದಾಯ ಎಂದಿದ್ದರು. 2023 ದಾಖಲೆಯ ವರ್ಷವೇ ಆಯಿತು. ಆದರೂ ದಾಟಿದ ಹಡಗು 26,434, ದಿನಕ್ಕೆ 72ರಂತೆ. ಆದಾಯ 1,025 ಕೋಟಿ ಡಾಲರ್.

ನಡುವೆ, ಮಾರ್ಚ್ 23, 2021ರಂದು, 400 ಮೀಟರ್ ಉದ್ದದ ಎವರ್ ಗಿವನ್ ಹಳೆಯ ದಕ್ಷಿಣ ಭಾಗದಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಹೊಸ ಕಾಲುವೆ ಇದ್ದದ್ದು ಉತ್ತರಕ್ಕೆ. ಆರು ದಿನ ದಾರಿ ಬಂದ್. ಹಡಗಿನ 25 ಮಂದಿ ಸಿಬ್ಬಂದಿಯೂ ಭಾರತೀಯರು. ಪರಿಹಾರದ ಮೊತ್ತ ಇತ್ಯರ್ಥವಾಗುವ ತನಕ, ಜುಲೈ ತನಕ, ಹಡಗನ್ನು ಸರೋವರದಲ್ಲಿ ಹಿಡಿದಿಟ್ಟರು. ಆಮೇಲೆ ದಕ್ಷಿಣದ 30 ಕಿಲೋಮೀಟರನ್ನು 40 ಮೀಟರ್ ಅಗಲಿಸಿ, 10 ಕಿಲೋಮೀಟರಿಗೆ ಜೋಡಿ ದಾರಿ ಮಾಡಿದರು.

ಆ ಕೆಲಸ ಮುಗಿಯುವುದರೊಳಗೆ ಹಡಗುಗಳೇ ಇಲ್ಲವಾದವು. ಗಾಝಾದ ಮೇಲಿನ ಯುದ್ಧದ ಬೆನ್ನಿಗೆ, 2023ರ ನವೆಂಬರಿನಿಂದ ಯಮನಿನ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮಾಡಿದರು. 2024ರ ಮಾರ್ಚಿನ ಒಂದು ದಾಳಿಯಲ್ಲಿ ಸತ್ತ ಮೂವರು ನಾವಿಕರು ಫಿಲಿಪೀನ್ಸ್ ಮತ್ತು ವಿಯೆಟ್ನಾಮಿನ ಬಡ ದುಡಿಮೆಗಾರರು. ಗಾಝಾದ ಮೇಲೆ ಬಾಂಬು ಹಾಕಿದವರಲ್ಲಿ ಅವರಿರಲಿಲ್ಲ. ಆ ವರ್ಷ ಸುಯೆಝ್ ದಾಟಿದ ಹಡಗು 13,213. ಆದಾಯ 399 ಕೋಟಿ ಡಾಲರಿಗೆ ಇಳಿಯಿತು. ಯುರೋಪಿಗೆ ಹೊರಟ ನಾಶಿಕದ ದ್ರಾಕ್ಷಿ ಹೆಚ್ಚು ದಿನ ಸಮುದ್ರದಲ್ಲೇ ಕಳೆಯಿತು. ಇತ್ತ ಎಣ್ಣೆಯ ಹಡಗುಗಳು ಆಫ್ರಿಕಾ ಸುತ್ತಿ ಬಂದವು. ಕುಮಟೆಯ ಹತ್ತಿ 1869ಕ್ಕೆ ಮೊದಲು ಹೋಗುತ್ತಿದ್ದ ದಾರಿ ಅದೇ.

ಖಲೀಫ ಉಮರ್(ರ)ರ ಕಾಲದ ಕಾಲುವೆಯಲ್ಲಿ ಕೈರೋ ನಗರದೊಳಗೆ ಉಳಿದಿದ್ದ ಭಾಗವನ್ನು 1890ರ ದಶಕದ ಕೊನೆಯಲ್ಲಿ ಮಣ್ಣು ತುಂಬಿ ಮುಚ್ಚಿದರು. ಅದರ ಮೇಲೆ ಟ್ರಾಮ್ ಓಡಿತು. ಈಗ ಅದು ನಗರದ ಗಿಜಿಗುಡುವ ರಸ್ತೆಗಳಲ್ಲೊಂದು. ಅದಕ್ಕೀಗ ಸುಯೆಝ್ ಕಾಲುವೆಯ ಉತ್ತರ ತುದಿಯ ಬಂದರಿನ ಹೆಸರು: ಪೋರ್ಟ್ ಸಯೀದ್ ರಸ್ತೆ.