ಲ್ಯೂಕಾನ 39 ಅಂಕಿಗಳು

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ 39 ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವೆಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲೇ ಬರೆದಿದ್ದ. ಪುರಾವೆ ಮಾತ್ರ ಕೊಡಲಿಲ್ಲ. ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡಲು ಎಷ್ಟು ಜನ್ಮ ಎತ್ತಿದರೂ ಸಾಲದು.

1876ರಲ್ಲಿ ಎದುವಾರ್ ಲ್ಯೂಕಾ ಅಪವರ್ತನ ಹುಡುಕುವ ಗೋಜಿಗೇ ಹೋಗಲಿಲ್ಲ. ಅವನು ಕಂಡುಕೊಂಡ ದಾರಿ ಸರಳ: 3ರಿಂದ ಹೊರಟು, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷೆಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡು ಮುಂದುವರಿಯಿರಿ. ಏಳು ಎರಡುಗಳಿಂದ ಬರುವ 127ಕ್ಕೆ ಕೈಯಲ್ಲೇ ಮಾಡಬಹುದು: 3, 7, 47, 48, 16, 0. ಕೊನೆಗೆ ಸೊನ್ನೆ ಬಂತು, ಅವಿಭಾಜ್ಯ. ದೊಡ್ಡದಕ್ಕೆ ಇಂಥ 125 ಹೆಜ್ಜೆ.

ಮರ್ಸೆನ್ ಪಟ್ಟಿಯಲ್ಲೇ ಇದ್ದ, 67 ಎರಡುಗಳ ಸಂಖ್ಯೆ ಅವಿಭಾಜ್ಯವಲ್ಲವೆಂದೂ ಲ್ಯೂಕಾ ಅದೇ ವರ್ಷ ತೋರಿಸಿದ. ಅದರ ಅಪವರ್ತನಗಳು ಯಾವುವೆಂದು ಅವನಿಗೂ ಗೊತ್ತಿರಲಿಲ್ಲ! 1903ರಲ್ಲಿ ಅಮೆರಿಕದ ಕೋಲ್ ಅವನ್ನು ಕೊಟ್ಟ: 193707721 ಮತ್ತು 761838257287.