ಹಲ್ಲು ಹೋತು, ಬ್ಯಾನಿ ಉಳೀತು

ರಾಮಥಾಳದ ನಮ್ಮ ದೊಡ್ಡವ್ವ ದವಡೆ ಹಲ್ಲು ಕೀಳಿಸಿಕೊಂಡು ಬಂದ ದಿನ ಮನೆಮಂದಿಯೆಲ್ಲ "ಪೀಡಾ ಹೋತು" ಅಂದಿದ್ದರು. ಕೆಲವೇ ವಾರಗಳಲ್ಲಿ ಗಾಯ ಮಾಯಿತು. ನೋವು ಮಾತ್ರ ಹಲ್ಲು ಇದ್ದ ಜಾಗದಲ್ಲೇ ಹಗಲೆಲ್ಲ ಕೊರೆಯುತ್ತಿತ್ತು. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಆ ಮಗ್ಗಲಿಗೆ ತಾಗದಂತೆ ನುಂಗುತ್ತಿದ್ದಳು. ಹೊಲಕ್ಕೆ ಹೊರಟರೆ ಕೆನ್ನೆಗೆ ಗಾಳಿ ಬಡಿಯಬಾರದೆಂದು ಇಳಕಲ್ ಸೀರೆಯ ಸೆರಗನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಳ್ಳುತ್ತಿದ್ದಳು.

"ಇಲ್ಲದ ಹಲ್ಲು ಹೆಂಗ ನೋಯತೈತಿ ತಮ್ಮಾ? ಕೇಳಿದವರು ನಗತಾರ" ಎನ್ನುತ್ತಿದ್ದಳು. ಜನ ನಕ್ಕಿದ್ದೂ ನಿಜ. ಆಮೇಲೆ "ಸುಮ್ನ ಮನಸಿಗೆ ಹಚ್ಚಿಕೊಂಡಾಳ" ಅಂದರು. ಕೊನೆಗೆ ಆಕೆ ಪಕ್ಕದ ಹಲ್ಲನ್ನೂ ಕೀಳಿಸಿಕೊಂಡಳು. ನೋವು ಅಲ್ಲೇ ಇತ್ತು.

ಆಕೆಯ ಪ್ರಶ್ನೆಗೆ ಒಂದು ಇತಿಹಾಸವಿದೆಯೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆ ಇತಿಹಾಸದ ತುಂಬ ತಪ್ಪಾಗಿ ಕಿತ್ತ ಹಲ್ಲುಗಳೇ ಬಿದ್ದಿವೆ.

ಹಲ್ಲುನೋವಿಗೆ ಹುಳವೇ ಕಾರಣ ಎಂಬ ನಂಬಿಕೆ ಬಾಬಿಲೋನಿಯದಷ್ಟು ಹಳೆಯದು. ನಮ್ಮ 'ಹುಳುಕು ಹಲ್ಲು' ಎಂಬ ಮಾತಿನಲ್ಲೂ ಆ ಹುಳ ಕೂತಿದೆ. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಅದರ ಹೊಗೆಯನ್ನು ಬಾಯಿಗೆ ಹಿಡಿದು ಹುಳ ಬೀಳಿಸುವುದನ್ನು ಕಂಡವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ತಾನು ಹುಡುಕಿದರೂ ಅಂಥ ಹುಳ ಕಾಣಲಿಲ್ಲ ಎಂದು ಬರೆದ. ಹುಳ ಹೋಯಿತು, ಆದರೆ ನೋವಿನ ಮೂಲ ನೋಯುವ ಜಾಗದಲ್ಲೇ ಇರುತ್ತದೆ ಎಂಬ ನಂಬಿಕೆ ಉಳಿಯಿತು.

ನಮ್ಮಲ್ಲಿ ಸುಶ್ರುತ ಸಂಹಿತೆ ಬೇರೊಂದು ದಾರಿ ಹಿಡಿದಿತ್ತು. ಅದು 'ಅನಂತವಾತ' ಎಂಬ ಕಾಯಿಲೆಯನ್ನು ಹೇಳುತ್ತದೆ. ಕತ್ತಿನ ಹಿಂಭಾಗ, ಕಣ್ಣು, ಹುಬ್ಬು, ಕಣತಲೆಗಳಲ್ಲಿ ತೀವ್ರ ನೋವು, ಕೆನ್ನೆಯ ಅದುರು, ದವಡೆಯ ಬಿಗಿತ ಇದರ ಲಕ್ಷಣ. ಗ್ರಂಥ ಇದನ್ನು ಸೇರಿಸಿದ್ದು ತಲೆಯ ರೋಗಗಳ ಸಾಲಿಗೆ, ಹಲ್ಲಿನ ರೋಗಗಳ ಸಾಲಿಗಲ್ಲ. ಇಂದಿನ ಆಯುರ್ವೇದ ವೈದ್ಯರು ಇದನ್ನು ಮುಖದ ನರಶೂಲೆಗೆ ಹೋಲಿಸುತ್ತಾರೆ.

ಯುರೋಪಿನಲ್ಲಿ ಇದರ ಮೊದಮೊದಲ ವಿವರವಾದ ದಾಖಲೆಗಳಲ್ಲೊಂದನ್ನು ಬರೆದವನು ಜಾನ್ ಲಾಕ್. ಮುಂದೆ ದಾರ್ಶನಿಕನೆಂದು ಹೆಸರಾದ ಈತ ವೈದ್ಯನೂ ಆಗಿದ್ದ. 1677ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಇಂಗ್ಲೆಂಡಿನ ರಾಯಭಾರಿಯ ಹೆಂಡತಿ, ನಾರ್ತಂಬರ್ಲ್ಯಾಂಡಿನ ಕೌಂಟೆಸ್, ಅವನನ್ನು ಕರೆಸಿದಳು. ಆಕೆಯ ಮುಖದ ಒಂದು ಪಕ್ಕಕ್ಕೆ ಇದ್ದಕ್ಕಿದ್ದಂತೆ ಬೆಂಕಿ ಹರಿದಂತಾಗುತ್ತಿತ್ತು, ಬಾಯಿ ಕಿವಿಯ ಕಡೆಗೆ ಸೆಳೆಯುತ್ತಿತ್ತು. ಮಾತಾಡಿದರೂ ವಸಡು ಮುಟ್ಟಿದರೂ ನೋವು ಮರುಕಳಿಸುತ್ತಿತ್ತು. ಹಲ್ಲಿನ ತೊಂದರೆಯೆಂದು ಆಗಲೇ ಹಲ್ಲು ಕಿತ್ತಾಗಿತ್ತು, ಫಲವಿರಲಿಲ್ಲ. ಲಾಕ್ ಭೇದಿಗೆ ಔಷಧ ಕೊಟ್ಟ, ಆ ಕಾಲಕ್ಕೆ ಅವನಿಗೆ ತಿಳಿದಿದ್ದ ಚಿಕಿತ್ಸೆ ಅದು. ಜೊತೆಗೆ ಆಕೆ ಹೇಳಿದ್ದನ್ನೆಲ್ಲ ಕೂತು ಕೇಳಿದ, ಪತ್ರಗಳಲ್ಲಿ ಬರೆದು ಲಂಡನ್ನಿನ ವೈದ್ಯಮಿತ್ರರ ಸಲಹೆ ಬೇಡಿದ. ಆಕೆಯ ನೋವು ನಮಗಿಂದು ಗೊತ್ತಿರುವುದು ಆ ಕೇಳುವಿಕೆಯಿಂದ.

ನೂರು ವರ್ಷ ಕಳೆದರೂ ಇಕ್ಕಳದ ಕೆಲಸ ನಿಂತಿರಲಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1778ರಲ್ಲಿ ಹಲ್ಲಿನ ರೋಗಗಳ ಬಗ್ಗೆ ಬರೆಯುತ್ತ, ಹಲ್ಲಿಗೆ ಸಂಬಂಧವೇ ಇಲ್ಲದ ದವಡೆ ನೋವೊಂದಿದೆ, ಎಲ್ಲರೂ ಹಲ್ಲನ್ನೇ ಸಂಶಯಿಸಿ ಗಟ್ಟಿ ಹಲ್ಲನ್ನೂ ಕೀಳುತ್ತಾರೆ ಎಂದು ಎಚ್ಚರಿಸಿದ. ಒಂದು ಕಿತ್ತರೆ ನೋವು ಮುಂದಿನದಕ್ಕೆ ಸರಿದಂತೆ ತೋರುತ್ತದೆ, ಅದನ್ನೂ ಕೀಳುತ್ತಾರೆ, ಹೀಗೆ ಒಂದು ಪಕ್ಕದ ಹಲ್ಲುಗಳೆಲ್ಲ ಹೋದದ್ದುಂಟು. ಓದುವಾಗ ದೊಡ್ಡವ್ವನ ಎರಡನೆಯ ಹಲ್ಲು ನೆನಪಾಯಿತು.

ಇಕ್ಕಳದ ಜೊತೆಗೆ ಚಾಕುವೂ ತಪ್ಪು ಮಾಡಿತು. ನೋವು ನಿಲ್ಲಿಸಲು ವೈದ್ಯರು ಮುಖದ ಏಳನೆಯ ನರವನ್ನು ಕತ್ತರಿಸಿದ್ದುಂಟು. ಆಗ ಮುಖ ಸೊಟ್ಟಗಾಯಿತೇ ಹೊರತು ನೋವು ಹೋಗಲಿಲ್ಲ. ಮುಖದ ಸ್ಪರ್ಶ ಮತ್ತು ನೋವನ್ನು ಮೆದುಳಿಗೆ ಒಯ್ಯುವುದು ಐದನೆಯ ನರ, ಮುಖದ ಸ್ನಾಯುಗಳನ್ನು ಆಡಿಸುವುದು ಏಳನೆಯದು ಎಂಬುದು 1820ರ ದಶಕದಲ್ಲಿ ಚಾರ್ಲ್ಸ್ ಬೆಲ್ ಮತ್ತಿತರರ ಕೆಲಸದಿಂದ ಸ್ಪಷ್ಟವಾಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯಲ್ಲಿ ಕಾರ್ಬಮಜೆಪಿನ್ ತಯಾರಾಯಿತು. ಅದು ಮಿಂಚಿನಂಥ ನರಶೂಲೆಯನ್ನು ತಗ್ಗಿಸುತ್ತದೆಂದು 1962ರಲ್ಲಿ ಸ್ವೀಡನ್ನಿನ ಬ್ಲಾಮ್ ಎಂಬ ವೈದ್ಯ ವರದಿ ಮಾಡಿದ. ಆ ಕಾಯಿಲೆಗೆ ಇಂದಿಗೂ ಮೊದಲು ನೆನಪಾಗುವ ಮದ್ದು ಅದೇ.

ಆದರೆ ದೊಡ್ಡವ್ವನ ನೋವು ಕೌಂಟೆಸಳ ನೋವಿನಂತೆ ಮಿಂಚಿ ಮಾಯವಾಗುವಂಥದ್ದಲ್ಲ. ಅದು ಎಡೆಬಿಡದೆ ಕೊರೆಯುವ ನೋವು, ಎಕ್ಸ್-ರೇಯಲ್ಲಿ ಏನೂ ಕಾಣದು. ಇಂಥವರನ್ನು ವೈದ್ಯಶಾಸ್ತ್ರ ಬಹುಕಾಲ ಒಂದು ಮೂಲೆಗೆ ಕೂರಿಸಿತ್ತು. 1924ರಲ್ಲಿ ಅಮೆರಿಕದ ಫ್ರೇಜಿಯರ್ ಮತ್ತು ರಸೆಲ್ ನರಶೂಲೆಯ ಮಾದರಿಗೆ ಹೊಂದದ ಮುಖದ ನೋವುಗಳನ್ನು ಪ್ರತ್ಯೇಕಿಸಿದರು. ಮುಂದೆ ಅದಕ್ಕೆ ಬಿದ್ದ ಹೆಸರು 'ಮಾದರಿಗೆ ಸೇರದ ಮುಖನೋವು'. ಆ ಹಣೆಪಟ್ಟಿ ಬಿದ್ದವರಲ್ಲಿ ಎಷ್ಟೋ ಜನರ, ಅದರಲ್ಲೂ ಹೆಂಗಸರ, ನೋವು ಮನಸ್ಸಿನ ಕಾಯಿಲೆ ಎನಿಸಿಕೊಂಡಿತು. ನಮ್ಮೂರಿನ "ಮನಸಿಗೆ ಹಚ್ಚಿಕೊಂಡಾಳ" ಎಂಬ ಮಾತೇ ದೊಡ್ಡ ಆಸ್ಪತ್ರೆಗಳಲ್ಲೂ ಓಡಾಡುತ್ತಿತ್ತು.

ಇದಕ್ಕೆ ಬೆಳಕು ಬಂದದ್ದು ಯುದ್ಧಭೂಮಿಯ ಕಡೆಯಿಂದ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಇಲ್ಲದ ಅಂಗ ನೋಯುತ್ತದೆ ಎನ್ನುತ್ತಿದ್ದರು. ವೈದ್ಯ ವೀರ್ ಮಿಚೆಲ್ 1871ರಲ್ಲಿ ಅದನ್ನು ಭೂತದಂತೆ ಕಾಡುವ ಅಂಗವೆಂದು ಕರೆದ. ಸುಮಾರು ಒಂದು ಶತಮಾನದ ನಂತರ, 1978ರಲ್ಲಿ, ಜೋಸೆಫ್ ಮಾರ್ಬಕ್ ಎಂಬ ದಂತವೈದ್ಯ ಅದೇ ಯೋಚನೆಯನ್ನು ಬಾಯಿಗೆ ತಂದ. ಹಲ್ಲೂ ಒಂದು ಅಂಗವೇ. ಅದನ್ನು ಕೀಳುವಾಗ ಅದರೊಳಗಿನ ನರದ ಎಳೆಗಳೂ ಹರಿಯುತ್ತವೆ. ಬಹುತೇಕರಿಗೆ ಅದು ತಾನಾಗಿ ಮಾಯುತ್ತದೆ. ಕೆಲವರಲ್ಲಿ ಹರಿದ ತುದಿಗಳು ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತವೆ, ಮೆದುಳು ಅದನ್ನು ಹಲ್ಲಿನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಾಗುತ್ತಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬುದನ್ನೂ ಸೇರಿಸಿತು. ಲಾಕ್ 1677ರಲ್ಲಿ ಮಾಡಿದ್ದೂ ಅದನ್ನೇ.

ಹಲ್ಲು ಕಿತ್ತ ಮೂರನೇ ನಾಲ್ಕನೇ ದಿನ ಬರುವ ನೋವಿನ ಕತೆ ಬೇರೆ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಮೂಳೆ ಬರಿದಾದಾಗ ಹಾಗಾಗುತ್ತದೆ, ಸರಿಯಾಗಿ ನೋಡಿಕೊಂಡರೆ ವಾಸಿಯಾಗುತ್ತದೆ. ತಿಂಗಳುಗಟ್ಟಲೆ ಉಳಿಯುವ ನೋವಿಗೆ ಮಾತ್ರ ಇನ್ನೊಂದು ಹಲ್ಲು ಕೀಳುವ ಮೊದಲು ನರವನ್ನು ನೆನೆಯಬೇಕು.

ದೊಡ್ಡವ್ವನಿಗೂ ಕೊನೆಗೊಬ್ಬ ವೈದ್ಯೆ ಸಿಕ್ಕರು. ಇಕ್ಕಳ ಮುಟ್ಟದೆ ಅರ್ಧ ತಾಸು ಮಾತು ಕೇಳಿ, "ಅವ್ವಾರ, ನಿಮ್ಮ ಹಲ್ಲು ಹೋಗೇತಿ, ನರ ಇನ್ನೂ ಅಳತೈತಿ" ಅಂದರು. ರಾತ್ರಿ ನುಂಗಲು ಸಣ್ಣ ಗುಳಿಗೆ ಕೊಟ್ಟು ತಿಂಗಳಿಗೊಮ್ಮೆ ಬರಹೇಳಿದರು. ನೋವು ಪೂರ್ತಿ ಹೋಗಲಿಲ್ಲ, ತಗ್ಗಿತು. ಮನೆಗೆ ಬಂದ ಸಂಜೆ ಆಕೆ ಹೇಳಿದ್ದು ಗುಳಿಗೆಯ ಮಾತಲ್ಲ. "ನಾ ಸುಳ್ಳ ಹೇಳಾಕತ್ತಿಲ್ಲಂತ ತಿಳೀತಲ್ಲ ತಮ್ಮಾ, ಅಷ್ಟ ಸಾಕು" ಅಂದಳು. ಅಮೀನಗಡದ ಕರದಂಟು ತಂದುಕೊಟ್ಟರೆ ಒಳ್ಳೆಯ ಮಗ್ಗಲಿಗೆ ಇಟ್ಟುಕೊಂಡು ನಿಧಾನಕ್ಕೆ ಚೀಪುತ್ತಿದ್ದಳು.